ಸಾಸಿವೆ ಡಬ್ಬದ ಮೋಟಾರ್ ಸೈಕಲ್

ಮೊನ್ನೆ ಸಾರಿಗೆ ಒಗ್ಗರಣೆ ಹಾಕುವಾಗ ಸಾಸಿವೆಯೆಲ್ಲ ಚಟಪಟ ಸಿಡಿದು ಮುಗಿದ ಮೇಲೂ ಒಂದು ಕಾಳು ಮಾತ್ರ ಎಣ್ಣೆಯ ನಡುವೆ ಗಂಭೀರವಾಗಿ ಕೂತಿತ್ತು. ಉರಿ ಹೆಚ್ಚಿಸಿದೆ. ಸಿಡಿಯಲಿಲ್ಲ. ಸೌಟಿನಿಂದ ತಟ್ಟಿದೆ. ಟಿಣ್ ಎಂದಿತು. ಒಲೆ ಆರಿಸಿ, ಕನ್ನಡಕ ಹಾಕಿಕೊಂಡು ನೋಡಿದರೆ ಅದು ಸಾಸಿವೆಯಲ್ಲ, ಮೋಟಾರ್ ಸೈಕಲ್.

ಪೂರ್ತಿ ಮೋಟಾರ್ ಸೈಕಲ್ ಅಲ್ಲ ಬಿಡಿ, ಅದರ ಒಂದು ಉಕ್ಕಿನ ಗುಂಡು. ಹ್ಯಾಂಡಲ್ ನುಣ್ಣಗೆ ತಿರುಗಲಿ ಎಂದು ಗಾಡಿಯ ಕುತ್ತಿಗೆಯೊಳಗೆ ಇಂಥ ಗುಂಡುಗಳನ್ನು ಸಾಲಾಗಿ ಕೂರಿಸುತ್ತಾರೆ. ನಮ್ಮ ಗಾಡಿ ಬದುಕಿದ್ದಷ್ಟು ಕಾಲವೂ ಎಡಕ್ಕೆ ತಿರುಗುವ ಮೊದಲು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಯಾಕೆಂದು ನನಗೆ ಮೊನ್ನೆ ಗೊತ್ತಾಯಿತು.

ಅಡುಗೆಮನೆಯ ಡಬ್ಬಕ್ಕೆ ಅದು ಹೇಗೆ ಬಂತು ಎಂದು ನಿಮಗೆ ಆಶ್ಚರ್ಯವಾಗಬಹುದು. ಆ ಕಾಲದಲ್ಲಿ ನಮ್ಮ ಕಟಪಾಡಿಯ ಮನೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಹೊಸ ಶತಮಾನ ಬರುವ ಹೊತ್ತು. ಜಗತ್ತಿನ ಕಂಪ್ಯೂಟರುಗಳೆಲ್ಲ ಒಮ್ಮೆಗೇ ನಿಂತುಹೋಗುತ್ತವೆ ಎಂದು ಪೇಪರಿನವರು ಹೆದರಿಸುತ್ತಿದ್ದರು. ನಮ್ಮ ಮನೆಯಲ್ಲಿ ಏನೂ ಹೊರಟೇ ಇರಲಿಲ್ಲವಾದ್ದರಿಂದ ನಿಲ್ಲುವ ಭಯವಿರಲಿಲ್ಲ. ಕಡಲೆಬೇಳೆ ಡಬ್ಬದಲ್ಲಿ ನಟ್ಟುಗಳಿದ್ದವು, ಅವಲಕ್ಕಿ ಡಬ್ಬದಲ್ಲಿ ವಾಷರುಗಳು. ಉಪ್ಪಿನಕಾಯಿಯ ಭರಣಿಯಲ್ಲಿ ಗೇರಿನ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ವಿಶ್ರಾಂತಿ ಪಡೆಯುತ್ತಿದ್ದವು. ಒಮ್ಮೆ ಊಟಕ್ಕೆ ಬಂದ ನೆಂಟರೊಬ್ಬರು ಗಂಜಿಗೆ ನೆಂಜಿಕೊಳ್ಳಲು ತಾವೇ ಭರಣಿಗೆ ಚಮಚ ಹಾಕಿದರು. ಮೇಲೆ ಬಂದದ್ದನ್ನು ಬಹಳ ಹೊತ್ತು ನೋಡಿ, "ಇದು ಯಾವುದರದ್ದು?" ಎಂದು ಕೇಳಿದರು.

"ಸೆಕೆಂಡ್ ಗೇರಿನದ್ದು," ಎಂದರು ಇವರು.

ಕಾರ್ಕಳದ ಕಾನ್ವೆಂಟಿನಲ್ಲಿ ಓದಿದವಳು ನಾನು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಸೂಜಿಗೊಂದು ಜಾಗ, ನೂಲಿಗೊಂದು ಜಾಗ ಎಂದು ನಮ್ಮ ತಲೆಯೊಳಗೆ ಕೂರಿಸಿದ್ದರು. ಮದುವೆಯಾಗಿ ಬಂದ ವಾರದಲ್ಲೇ ನಾನು ಎಲ್ಲ ಡಬ್ಬಗಳಿಗೂ ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದೆ. ಆ ಚೀಟಿಗಳನ್ನು ಆ ಮನೆಯಲ್ಲಿ ಓದುತ್ತಿದ್ದವಳು ನಾನೊಬ್ಬಳೇ.

"ಇವರು" ಎಂದರೆ ನನ್ನ ಗಂಡ. ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಮೆದು ಮಾತಿನ ಮನುಷ್ಯ, ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವವರು. ಇಂಥವರು ಮೋಟಾರ್ ಸೈಕಲ್ ಕಟ್ಟಲು ಹೊರಟದ್ದಕ್ಕೆ ನಾನೇ ಕಾರಣ ಎಂದರೂ ತಪ್ಪಿಲ್ಲ, ಒಂದು ಹಲಸಿನ ಹಣ್ಣು ಕಾರಣ ಎಂದರೂ ತಪ್ಪಿಲ್ಲ.

ಮದುವೆಯಾದ ಹೊಸತರಲ್ಲಿ ನಾವು "ಎಲ್ಲಿಗಾದರೂ ಹೋಗಿ ಬರುವ" ಎಂದು ಹೊರಟದ್ದು ಪಕ್ಕದ ಮನೆಯ ಗ್ರೆಗರಿಯವರ ಓಮ್ನಿಯಲ್ಲಿ. ಹೊರಡುವ ಹೊತ್ತಿಗೆ ಅದರಲ್ಲಿ ಅತ್ತೆ ಇದ್ದರು. ಅತ್ತೆಯ ತಮ್ಮ, ಕಾಪುವಿನ ಸೀನ ಮಾವ ಇದ್ದರು. ಸೀನ ಮಾವನ ಹೆಂಡತಿ, ಆಕೆಯ ತಂಗಿ, ದಾರಿಯಲ್ಲಿ ಯಾರದ್ದೋ ಮನೆಗೆ ಕೊಡಬೇಕಾದ ಒಂದು ಹಲಸಿನ ಹಣ್ಣು ಇವೂ ಇದ್ದವು. ಹಲಸಿನ ಹಣ್ಣು ಉರುಳಬಾರದೆಂದು ಅದನ್ನು ಇವರ ಪಕ್ಕದಲ್ಲಿ ಕೂರಿಸಿದರು. ನನ್ನನ್ನು ಹಿಂದೆ ಕೂರಿಸಿದರು. ಇಡೀ ದಿನ ಇವರು ಆ ಹಣ್ಣಿನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದರು. ಆಮೇಲೂ ಮೂರು ವರ್ಷ ನಾವು ಎಲ್ಲಿಗೆ ಹೊರಟರೂ ಹೀಗೆಯೇ. ಸಿನಿಮಾಕ್ಕೆ ಉಡುಪಿಗೆ ಹೋಗುತ್ತೇವೆಂದರೆ ಅತ್ತೆಗೆ ಅಲ್ಲೇ ಚಪ್ಪಲಿ ರಿಪೇರಿ ಮಾಡಿಸಲಿಕ್ಕಿರುತ್ತಿತ್ತು. ಮನೆಯಲ್ಲೋ, ನಮ್ಮ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ನಾನು ಈಚೆಯಿಂದ ಸೀನಿದರೆ ಅತ್ತೆ ಆಚೆಯಿಂದ, "ಶುಂಠಿ ಕಷಾಯ ಕುಡಿ ಸುಮತಿ" ಎನ್ನುತ್ತಿದ್ದರು.

ಹಾಗಂತ ಅತ್ತೆ ಕೆಟ್ಟವರಲ್ಲ. ಅವರಿಗೆ ಎಲೆಯಡಿಕೆಯೊಂದಿದ್ದರೆ ಜಗತ್ತಿನ ಮೇಲೆ ಯಾವ ದೂರೂ ಇರುತ್ತಿರಲಿಲ್ಲ. ಹಸಿರು ಬಟ್ಟೆಯ ಒಂದು ಎಲೆಯಡಿಕೆ ಚೀಲ ಸದಾ ಸೊಂಟದಲ್ಲಿ. ಸುಣ್ಣ ಹಚ್ಚಿದ ಬೆರಳನ್ನು ಮಾತ್ರ ಅವರು ಎಂದೂ ಒರೆಸಿಕೊಂಡವರಲ್ಲ, ಹತ್ತಿರ ಏನಿರುತ್ತದೋ ಅದಕ್ಕೆ ಒತ್ತುವುದು. ಬಾಗಿಲ ದಾರಂದ, ಸ್ವಿಚ್ ಬೋರ್ಡು, ಕ್ಯಾಲೆಂಡರು, ಬೆಕ್ಕಿನ ಬೆನ್ನು, ಎಲ್ಲದರ ಮೇಲೂ ಆ ಬಿಳಿ ಬೆರಳಿನ ಗುರುತು. ನಾನು ಒದ್ದೆ ಬಟ್ಟೆ ಹಿಡಿದು ಒರೆಸುತ್ತಾ ಹಿಂದೆ ಹೋಗುತ್ತಿದ್ದೆ, ಅತ್ತೆ ಒತ್ತುತ್ತಾ ಮುಂದೆ ಹೋಗುತ್ತಿದ್ದರು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಕಾನ್ವೆಂಟಿನ ಕಿಟಕಿಯಿಂದ ಮೂಡಲ ದಿಕ್ಕಿಗೆ ನೀಲಿ ಬೆಟ್ಟಗಳ ಒಂದು ಸಾಲು ಕಾಣುತ್ತಿತ್ತು, ಕುದುರೆಮುಖದ ಕಡೆಯದ್ದು. ಪಾಠ ಬೇಸರವಾದಾಗಲೆಲ್ಲ ಅದನ್ನು ನೋಡುತ್ತಿದ್ದೆ. ಪ್ರತಿ ವರ್ಷ ಸಿಸ್ಟರ್ "ಈ ಸಲ ಬೆಟ್ಟಕ್ಕೆ ಪಿಕ್‌ನಿಕ್" ಎನ್ನುತ್ತಿದ್ದರು. ಪ್ರತಿ ವರ್ಷ ನಮ್ಮನ್ನು ಕಾಪುವಿನ ದೀಪಸ್ತಂಭಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಸಲವಾದರೂ ಆ ಬೆಟ್ಟಕ್ಕೆ ಹೋಗಬೇಕು, ಹಲಸಿನ ಹಣ್ಣಿಲ್ಲದೆ, ನಾವಿಬ್ಬರೇ. ಇದನ್ನು ಒಂದು ರಾತ್ರಿ ಪಿಸುಮಾತಿನಲ್ಲಿ ಇವರಿಗೆ ಹೇಳಿದೆ. ಹಲಗೆಯ ಆಚೆ ಅತ್ತೆ ಕೆಮ್ಮಿದರು.

ಇವರು ಮಾರನೆಯ ದಿನವೇ ಲೈಬ್ರರಿಯಲ್ಲಿ ಒಂದು ವಿದೇಶಿ ಪತ್ರಿಕೆ ನೋಡಿಕೊಂಡು ಬಂದರು. ಮುಖ ಕೆಂಪಾಗಿತ್ತು.

"ಸ್ಕೂಟರ್ ಆಗುವುದಿಲ್ಲ ಮಾರಾಯ್ತಿ," ಎಂದರು. "ಸ್ಕೂಟರಿನಲ್ಲಿ ಮೂರನೆಯವರಿಗೆ ಜಾಗ ಮಾಡ್ಬಹುದು. ದೂರಪ್ರಯಾಣದ ಬೈಕು ಅಂತ ಉಂಟು. ಎರಡೇ ಸೀಟು, ಹಿಂದೆ ಒರಗಲಿಕ್ಕೆ ಬೆನ್ನು, ಎರಡೂ ಬದಿಗೆ ಪೆಟ್ಟಿಗೆ. ಮೂರನೇ ಜನ ಮೇಲಿಂದ ಬಿದ್ರೂ ಕೂರ್ಲಿಕ್ಕಾಗುವುದಿಲ್ಲ."

"ಅದು ಎಲ್ಲಿ ಸಿಗ್ತದೆ?"

"ಇಲ್ಲಿ ಸಿಗುವುದಿಲ್ಲ. ಮಾಡುವುದು."

ಹೀಗೆ ಶುರುವಾಯಿತು. ಮಣಿಪಾಲದಲ್ಲಿ ಓದು ಮುಗಿಸಿದ ಹುಡುಗರು ಊರಿಗೆ ಹೋಗುವಾಗ ತಮ್ಮ ಬೈಕುಗಳನ್ನು ಸಿಕ್ಕಿದವರಿಗೆ ಕೊಟ್ಟು ಹೋಗುವುದುಂಟು. ಹಾಗೆ ಒಂದು ಗಾಡಿಯ ಅಸ್ಥಿಪಂಜರ ಮೊದಲು ಮನೆಗೆ ಬಂತು. ಇಂಜಿನ್ ಕಟಪಾಡಿಯ ಗುಜರಿ ಅಂಗಡಿಯ ಹಸನಬ್ಬನವರದು. ಅವರು ಅದನ್ನು ಎರಡು ಕೈಯಲ್ಲಿ ಎತ್ತಿ ಕೊಡುತ್ತಾ, "ಇದು ಇಂಜಿನಲ್ಲ ಮಾರ್ರೆ, ಆನೆಯ ಎದೆ" ಎಂದರಂತೆ. ಪೆಟ್ರೋಲ್ ಟ್ಯಾಂಕ್ ಒಂದು ಕಂಪೆನಿಯದ್ದು, ಚಕ್ರಗಳು ಎರಡು ಕಂಪೆನಿಯವು, ಹ್ಯಾಂಡಲ್ ಗ್ರೆಗರಿಯವರ ಅಟ್ಟದಲ್ಲಿದ್ದ ಅವರಪ್ಪನ ಕಾಲದ್ದು. ಅದು ಎಷ್ಟು ಅಗಲವಿತ್ತೆಂದರೆ ಗಾಡಿಯನ್ನು ನಮ್ಮ ಗೇಟಿನೊಳಗೆ ತರುವಾಗ ಕಳ್ಳನ ಹಾಗೆ ಓರೆಯಾಗಿ ತರಬೇಕಿತ್ತು.

ಇದನ್ನೆಲ್ಲ ಜೋಡಿಸಿ ಬೆಸೆದವನು ಬಸಣ್ಣ. ಬಾಗಲಕೋಟೆ ಕಡೆಯವನು, ಗ್ರೆಗರಿಯವರ ಹೊಸ ಮನೆಯ ಕಬ್ಬಿಣದ ಕೆಲಸಕ್ಕೆ ಬಂದಿದ್ದ. ಕಿಟಕಿಯ ಸರಳು ಬೆಸೆದದ್ದು ಬಿಟ್ಟರೆ ಅವನಿಗೂ ಗಾಡಿಗೂ ಸಂಬಂಧವಿರಲಿಲ್ಲ. ಆದ್ದರಿಂದ ನಮ್ಮ ಗಾಡಿಯ ಹಿಂಭಾಗದಲ್ಲಿ ಕಿಟಕಿಯ ಗ್ರಿಲ್ಲಿನ ಒಂದು ಹೂಬಳ್ಳಿ ಬಂದುಬಿಟ್ಟಿತ್ತು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನನಗೆ ಹೇಳಿದ: "ಅಕ್ಕಾರ, ಭಾಳ ಗಟ್ಟಿ ಮಾಡೀನ್ರಿ. ಇದು ನಿಂತ್ರ ಹೊಂಡಂಗಿಲ್ಲ, ಹೊಂಟ್ರ ನಿಂದ್ರಂಗಿಲ್ಲ."

ಬದಿಯ ಪೆಟ್ಟಿಗೆಗಳ ವಿಷಯ ಹೇಳದಿದ್ದರೆ ಸೀನ ಮಾವ ಬೇಸರಪಟ್ಟಾರು. ಅವರಿಗೆ ಕಾಪುವಿನಲ್ಲಿ ದೋಣಿ ಇತ್ತು. ಐಸ್ ಹಾಕಿ ಮೀನು ತುಂಬಿಸುವ ಫೈಬರ್ ಪೆಟ್ಟಿಗೆಗಳಲ್ಲಿ ಎರಡನ್ನು ಕತ್ತರಿಸಿ ಚಿಕ್ಕದು ಮಾಡಿ, ದೋಣಿಗೆ ಬಳಿದು ಉಳಿದ ನೀಲಿ ಬಣ್ಣ ಬಳಿದು ತಂದುಕೊಟ್ಟರು. ನಾನು ಸೋಪು, ಹುಣಸೆಹುಳಿ, ಕೊನೆಗೆ ಅಗರಬತ್ತಿಯನ್ನೂ ಪ್ರಯೋಗಿಸಿದೆ. ಅವುಗಳೊಳಗಿನ ಬಂಗುಡೆ ವಾಸನೆ ಹೋದದ್ದೇ ಇಲ್ಲ. ಗಾಡಿ ಅಂಗಳಕ್ಕೆ ಬಂದ ದಿನದಿಂದ ಊರಿನ ಬೆಕ್ಕುಗಳು ಅದರ ಸುತ್ತ ಭಕ್ತಿಯಿಂದ ಕೂರತೊಡಗಿದವು.

ಸೀಟು ಉಡುಪಿಯದ್ದು. ಹಳೆ ಬಸ್ಸುಗಳನ್ನು ಬಿಚ್ಚುವ ಒಂದು ಶೆಡ್ಡಿನಿಂದ ಇವರು ಬಸ್ಸಿನ ಸೀಟನ್ನೇ ಕೊಯ್ಯಿಸಿಕೊಂಡು ಬಂದರು. ಮುಂದಿನ ಸೀಟು ಮಾಮೂಲಿ. ಹಿಂದಿನದರ ಒರಗುವ ಬೆನ್ನಿನ ಮೇಲೆ ಹಳದಿ ಅಕ್ಷರದಲ್ಲಿ "ಮಹಿಳೆಯರಿಗೆ" ಎಂದು ಬರೆದಿತ್ತು. ಅಳಿಸಬೇಡಿ ಎಂದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಜಾಗ ನನ್ನದೇ ಎಂದು ಬರೆದು ಕೊಟ್ಟಂತಿತ್ತು.

ಅತ್ತೆ ಅದನ್ನು ಓದಿ, "ನಾನೂ ಮಹಿಳೆಯೇ ಅಲ್ವಾ?" ಎಂದರು. 

ನಿಜ ಹೇಳಬೇಕೆಂದರೆ ಅತ್ತೆಗೆ ಆ ಗಾಡಿಯ ಮೇಲೆ ನನಗಿಂತ ಹೆಚ್ಚು ಮೋಹ ಬಂದುಬಿಟ್ಟಿತ್ತು. ಮೊದಲು "ಮನೆಯೊಳಗೆ ಈ ಗುಜರಿ ಎಂತಕ್ಕೆ?" ಎಂದವರೇ ಆಮೇಲೆ ಒಂದೊಂದು ತುಂಡನ್ನೂ ಎತ್ತಿ ಮಗುವಿನ ಹಾಗೆ ಒರೆಸಿ, ಡಬ್ಬ ಹುಡುಕಿ, ಮಲಗಿಸುತ್ತಿದ್ದರು. "ಇದು ಎಂತ ಮಗಾ? ಇದು ಎಂತಕ್ಕೆ?" ಎಂದು ಕೇಳುವರು. ಇವರು ಲೈಬ್ರರಿಯ ಸ್ವರದಲ್ಲಿ ವಿವರಿಸುವರು. ಅತ್ತೆ ಕೇಳಿಸಿಕೊಳ್ಳುತ್ತಾ ಸುಣ್ಣದ ಬೆರಳನ್ನು ಸಿಲಿಂಡರಿನ ಮೇಲೆ ಒತ್ತುವರು.

ಇಂಜಿನಿನ ಬೇರಿಂಗ್ ಕೂರಿಸಿದ ದಿನ ಮರೆಯುವ ಹಾಗಿಲ್ಲ. ಇಂಜಿನಿನ ಹೊರಕವಚವನ್ನು ಬಿಸಿ ಮಾಡಿದರೆ ಅದು ಸ್ವಲ್ಪ ಹಿಗ್ಗುತ್ತದೆ, ಆಗ ಬೇರಿಂಗ್ ಸಲೀಸಾಗಿ ಇಳಿಯುತ್ತದೆ ಎಂದು ಪತ್ರಿಕೆಯಲ್ಲಿತ್ತು. ಅಲ್ಲಿನವರು ಓವನ್ನಿನಲ್ಲಿ ಇಡುತ್ತಾರಂತೆ. ನಮ್ಮಲ್ಲಿದ್ದದ್ದು ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ. ನೀರು ಕುದಿಸಿ, ಮೇಲಿನ ತಟ್ಟೆಯಲ್ಲಿ ಇಂಜಿನ್ ಕವಚವನ್ನಿಟ್ಟು ಮುಚ್ಚಿದೆವು. ಆವಿ ಬಂತು. ಮನೆಯೆಲ್ಲ ಗ್ರೀಸಿನ ಪರಿಮಳ. ಒಲೆಯ ಬಳಿ ಪೀಠ ಹಾಕಿ ಕೂತ ಅತ್ತೆ ಸ್ವಲ್ಪ ಹೊತ್ತಾದ ಮೇಲೆ ಮುಚ್ಚಳ ತೆಗೆದು, ಅಭ್ಯಾಸಬಲದಿಂದ ಒಂದು ಕಡ್ಡಿ ಚುಚ್ಚಿ ನೋಡಿದರು.

"ಬೆಂದಿದೆಯಾ ಅಮ್ಮ?" ಇವರು ಕೇಳಿದರು. ಹಾಸ್ಯಕ್ಕಲ್ಲ.

"ಕಡ್ಡಿಗೆ ಅಂಟುವುದಿಲ್ಲ," ಎಂದರು ಅತ್ತೆ. "ತೆಗಿ."

ಬಟ್ಟೆ ಹಿಡಿದು ತೆಗೆದರು. ಬೇರಿಂಗ್ ಇಟ್ಟರು. ಟಕ್ ಎಂದು ತಾನೇ ಕೂತಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೆರಿಗೆಯ ಕೋಣೆಯಲ್ಲಿ ನಿಂತವರ ಹಾಗೆ ನಕ್ಕೆವು. ಮಾರನೆಯ ದಿನದ ಇಡ್ಲಿಯನ್ನು ಮಾತ್ರ ಬೆಕ್ಕು ಕೂಡ ಮೂಸಲಿಲ್ಲ.

ಗಾಡಿ ಆಕಾರಕ್ಕೆ ಬರುತ್ತಿದ್ದ ಹಾಗೆ ನನಗೆ ಒಂದು ಭಯ ಶುರುವಾಯಿತು. ಇದರಲ್ಲಿ ಯಾರೂ ಏನನ್ನೂ ಸುಮ್ಮನೆ ಕೊಟ್ಟಿರಲಿಲ್ಲ. ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಕೈ ಆಡಿಸಿದವರೆಲ್ಲ, "ಮೊದಲ ಸವಾರಿಗೆ ನಮ್ಮನ್ನು ಮರೀಬೇಡಿ ಆಯ್ತಾ?" ಎಂದಿದ್ದರು. ಹೊಸ ದೋಣಿ ನೀರಿಗಿಳಿಸುವಾಗ ಹಲಗೆ ಕೊಟ್ಟವರನ್ನು, ಮೊಳೆ ಹೊಡೆದವರನ್ನು ಬಿಟ್ಟು ಹೋಗುತ್ತಾರೆಯೇ ಎಂಬುದು ಸೀನ ಮಾವನ ವಾದ. ಮೂರನೆಯವರು ಹತ್ತಲಾಗದ ಗಾಡಿಯೊಂದನ್ನು ನಾವು ಕಟ್ಟುತ್ತಾ ಹೋದಂತೆ ಅದಕ್ಕೆ ಮೂರನೆಯವರು, ನಾಲ್ಕನೆಯವರು, ಐದನೆಯವರು ಸೇರಿಕೊಳ್ಳುತ್ತಲೇ ಹೋದರು.

"ಬೆಟ್ಟಕ್ಕೆ ಅಲ್ವಾ?" ಎಂದರು ನನ್ನನ್ನು ತಂಗಿಯ ಹಾಗೆ "ಬಾಯಿ" ಎಂದು ಕರೆಯುತ್ತಿದ್ದ ಗ್ರೆಗರಿ. "ನನ್ನ ಓಮ್ನಿ ಉಂಟಲ್ಲ ಬಾಯಿ. ನೀವು ಮುಂದಿಂದ, ನಾವು ಹಿಂದಿಂದ."

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು. ಆಗಲೇ ಹೇಳಿದೆನಲ್ಲ, ಇರುವೆಗೂ ದಾರಿ ಬಿಡುವ ಮನುಷ್ಯ.

ಆಯುಧಪೂಜೆಯ ದಿನ ಗಾಡಿಗೆ ಪೂಜೆ. ಶಂಕರಪುರದಿಂದ ಮಲ್ಲಿಗೆ ಬಂತು. ನಿಂಬೆಹಣ್ಣು, ಕುಂಬಳಕಾಯಿ, ಕುಂಕುಮ ಎಲ್ಲ ಆಯಿತು. ಗಾಡಿಗೆ ಅಂಶದಾನ ಮಾಡಿದವರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತರು. ಇವರು ಬಿಳಿ ಪಂಚೆ ಎತ್ತಿ ಕಟ್ಟಿ ಕಿಕ್ಕರ್ ಒದ್ದರು. ಗಾಡಿ ಸುಮ್ಮನಿತ್ತು. ಗ್ರೆಗರಿ ಒದ್ದರು. ಸೀನ ಮಾವ "ಇದೆಲ್ಲ ದೋಣಿಯ ಮಿಷನ್ ಹಾಗೆಯೇ, ಬೈದರೆ ಹೊರಡ್ತದೆ" ಎಂದು ಬೈಯುತ್ತಾ ಒದ್ದರು. ಹಸನಬ್ಬನವರು ಆನೆಯ ಎದೆಗೆ ಕಿವಿಯಿಟ್ಟು ಕೇಳಿದರು. ಕೊನೆಗೆ ಇವರು ಬಗ್ಗಿ ನೋಡಿ ಬೆವರಿದರು. ಇಂಜಿನಿಗೆ ಕಿಡಿ ಕೊಡುವ ವಯರಿನ ತುದಿಗೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ರಬ್ಬರಿನ ಟೋಪಿಯೊಂದಿರುತ್ತದೆ, ಪ್ಲಗ್ಗಿನ ತಲೆಗೆ ಸಿಕ್ಕಿಸುವುದು. ಬೆಳಿಗ್ಗೆ ಇತ್ತು, ಈಗಿಲ್ಲ.

ಹುಡುಕಾಟ ಶುರುವಾಯಿತು. ನಮ್ಮ ಊರಿನಲ್ಲಿ ಏನಾದರೂ ಕಳೆದುಹೋದರೆ ಅಜ್ಜನಿಗೆ ಹರಕೆ ಹೇಳುತ್ತಾರೆ. ಅಜ್ಜ ಎಂದರೆ ನಾವು ನಂಬುವ ದೈವ, ಕಳೆದದ್ದನ್ನು ಕಾಣಿಸಿಕೊಡುವವನು. ಸಿಕ್ಕಿದರೆ ಚಕ್ಕುಲಿ, ಎಲೆಯಡಿಕೆ ಒಪ್ಪಿಸಬೇಕು. ಅತ್ತೆ ಅಲ್ಲೇ ಕೈ ಮುಗಿದು, "ಅಜ್ಜಾ, ಟೋಪಿ ಕಾಣಿಸಿಕೊಡು, ಚಕ್ಕುಲಿ ಕೊಡ್ತೇನೆ" ಎಂದರು. ಕಾನ್ವೆಂಟಿನಲ್ಲಿ ನಮಗೆ ಕಳೆದುಹೋದ ರಬ್ಬರು, ಪೆನ್ಸಿಲಿಗೆಲ್ಲ ಸಂತ ಅಂತೋನಿಯವರನ್ನು ಬೇಡಲು ಕಲಿಸಿದ್ದರು. ಅಭ್ಯಾಸ ಹೋಗುತ್ತದೆಯೇ, ನಾನೂ ಮನಸ್ಸಿನಲ್ಲೇ ಒಂದು ಮೇಣದಬತ್ತಿ ಹೇಳಿಕೊಂಡೆ. ಒಂದೇ ಟೋಪಿಗೆ ಎರಡು ಕಡೆ ಅರ್ಜಿ.

ಎಲ್ಲರೂ ಸುಸ್ತಾಗಿ ಕೂತ ಮೇಲೆ ಅತ್ತೆ ಒಂದು ಎಲೆ ಹಾಕುವ ಎಂದು ಚೀಲ ಬಿಚ್ಚಿದರು. ಅಡಿಕೆಯ ಜೊತೆಗೆ ಟೋಪಿ ಬಂತು. ಬೆಳಿಗ್ಗೆ ಕುಂಕುಮ ಹಚ್ಚುವಾಗ ಒರೆಸಲೆಂದು ಬಿಡಿಸಿ ಜಗಲಿಯ ಮೇಲಿಟ್ಟಿದ್ದರಂತೆ. ಹಿಂದೆಯೇ ಅಡಿಕೆಯೆಂದು ಬಾಚಿ ಚೀಲಕ್ಕೆ ತುಂಬಿದ್ದರು.

ಯಾರೂ ನಗಲಿಲ್ಲ, ಪೂಜೆಯ ದಿನವಲ್ಲವೇ. ಅತ್ತೆಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಟೋಪಿಯನ್ನು ಅಂಗೈಯಲ್ಲಿಟ್ಟು ಆಚೀಚೆ ತಿರುಗಿಸಿ ನೋಡಿದರು.

"ಇಷ್ಟು ಸಣ್ಣ ಸಂಗತಿ ಇಲ್ಲದಿದ್ರೆ ಅಷ್ಟು ದೊಡ್ಡ ಗಾಡಿ ಹೋಗುವುದೇ ಇಲ್ವಾ ಮಗಾ?"

"ಇಲ್ಲ ಅಮ್ಮ."

"ಎಲ್ಲ ಗಾಡಿಗೂ ಹೀಗೆಯಾ?"

"ಪೆಟ್ರೋಲಿನದ್ದಾದ್ರೆ ಹೀಗೆಯೇ. ಗ್ರೆಗರಿಯವರ ಓಮ್ನಿಯಲ್ಲೂ ಇಂಥದ್ದೇ ಒಂದು ಗಿಡ್ಡ ಕಪ್ಪು ವಯರು ಉಂಟು, ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿಯೇ ಅದರ ಇಂಜಿನ್."

"ಓ," ಎಂದರು ಅತ್ತೆ. ಟೋಪಿಯ ಮೇಲೆ ಅವರ ಬೆರಳಿನ ಸುಣ್ಣದ ಗುರುತು ಬಿದ್ದಿತ್ತು. ಅದನ್ನು ಒರೆಸಿ ಸಿಕ್ಕಿಸಿದವಳು ನಾನೇ. ಗಾಡಿ ಮೊದಲ ಒದೆತಕ್ಕೇ ಹೊರಟಿತು. ಆ ಶಬ್ದಕ್ಕೆ ಬೆಕ್ಕುಗಳು ಓಡಿದ್ದು ಮಾತ್ರವಲ್ಲ, ಗ್ರೆಗರಿಯವರ ಹೊಸ ಮನೆಯ ಒಂದಷ್ಟು ಗಾರೆಯೂ ಉದುರಿತು.

ಮುಂದಿನ ಭಾನುವಾರ ಬೆಟ್ಟದ ಸವಾರಿ. ಶಂಕರಪುರ, ಶಿರ್ವ, ಬೆಳ್ಮಣ್ಣು, ಕಾರ್ಕಳ, ಬಜಗೋಳಿ, ಆಮೇಲೆ ಕುದುರೆಮುಖದ ಘಾಟಿ. ನಾನು "ಮಹಿಳೆಯರಿಗೆ" ಎಂಬಲ್ಲಿ ಒರಗಿ ಕೂತೆ. ಹಿಂದೆ ಓಮ್ನಿ. ಗ್ರೆಗರಿ ಓಡಿಸುತ್ತಿದ್ದರು, ಪಕ್ಕದ ಸೀಟಿನಲ್ಲಿ ಅತ್ತೆ, ಹಿಂದೆ ಸೀನ ಮಾವ, ಅವರ ಹೆಂಡತಿ, ಹಸನಬ್ಬನವರು, ಬಸಣ್ಣ. ನಮ್ಮಿಂದ ಒಂದು ಮಾರು ದೂರವನ್ನೂ ಅವರು ಬಿಟ್ಟುಕೊಡಲಿಲ್ಲ. ಕಿಟಕಿಗಳಿಂದ ನಾಲ್ಕು ತಲೆಗಳು ಹೊರಗೆ.

"ಅಳಿಯಾ, ಬಲಗಡೆ ಪೆಟ್ಟಿಗೆ ಅಲ್ಲಾಡ್ತಾ ಉಂಟು!"

"ಹ್ಯಾಂಡಲ್ ಗಟ್ಟಿ ಹಿಡ್ಕೊಳ್ಳಿ ಮಾರಾಯ್ರೇ, ಅದು ನಮ್ಮಪ್ಪನದು!"

"ಅಕ್ಕಾರ, ಹೂಬಳ್ಳಿ ಮ್ಯಾಲ ಕಾಲ ಇಡಬ್ಯಾಡ್ರಿ!"

ಇವರು ಏನೋ ಹೇಳಲು ನನ್ನ ಕಡೆ ತಿರುಗಿದರೆ ಓಮ್ನಿಯ ಹಾರ್ನು. ಶಿರ್ವದಲ್ಲಿ ಸೀನ ಮಾವನ ಷಡ್ಡಕರ ಮನೆಗೆ ಗಾಡಿ ತೋರಿಸಲು ನಿಂತೆವು. ಬೆಳ್ಮಣ್ಣಿನಲ್ಲಿ ಗ್ರೆಗರಿಯವರ ಅಕ್ಕನ ಮನೆ. ಅವರು ಹ್ಯಾಂಡಲ್ ಹಿಡಿದು ಅಪ್ಪನನ್ನು ನೆನೆದು ಕಣ್ಣೊರೆಸಿಕೊಂಡರು, ನಮಗೆಲ್ಲ ಕೇಕು ಕೊಟ್ಟರು. ಕಾರ್ಕಳದಲ್ಲಿ ನನ್ನ ಕಾನ್ವೆಂಟಿನ ಮುಂದೆ ಹೋಗುವಾಗ ಕಿಟಕಿ ನೋಡಿದೆ. ಮನಸ್ಸಿನಲ್ಲೇ, ಸಿಸ್ಟರ್, ಹೊರಟಿದ್ದೇನೆ ಎಂದೆ. ಹಿಂದಿನಿಂದ ಸೀನ ಮಾವ, "ಸುಮತಿ, ನನ್ನ ಪೆಟ್ಟಿಗೆಗೆ ಕಾಲು ತಾಗಿಸ್ಬೇಡ!" ಎಂದರು.

ಬಜಗೋಳಿ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿಂದ ಮುಂದೆ ಬೆಟ್ಟ ಎದುರಿಗೇ ನಿಂತಿತ್ತು, ಹತ್ತಿರಕ್ಕೆ ನೀಲಿ ಹೋಗಿ ಹಸಿರಾಗಿ. ಚಾ ಕುಡಿಯಲು ನಿಲ್ಲಿಸಿದೆವು. ಆಗ ಗ್ರೆಗರಿ ಹೇಳಿದರು:

"ಘಾಟಿಯಲ್ಲಿ ನಾನು ಬೈಕು ಓಡಿಸ್ತೇನೆ. ತಿರುವಿನಲ್ಲಿ ಆ ಹ್ಯಾಂಡಲ್ ನನಗೇ ಗೊತ್ತು. ನೀವು ಓಮ್ನಿ ತನ್ನಿ."

"ಹಾಗಾದ್ರೆ ಹಿಂದೆ ನಾನು," ಎಂದರು ಸೀನ ಮಾವ. "ಪೆಟ್ಟಿಗೆಯ ಮೇಲೆ ಒಂದು ಕಣ್ಣು ಬೇಕು. ಸುಮತಿ ವ್ಯಾನಿನಲ್ಲಿ ಆರಾಮಾಗಿ ಕೂರಲಿ. ಪಾಪ, ಅವಳಿಗೂ ಸುಸ್ತಾಗಿರ್ತದೆ."

ನಾನು ಇವರ ಮುಖ ನೋಡಿದೆ. ಇವರು ಚಾದ ಗ್ಲಾಸಿನೊಳಗೆ ನೋಡುತ್ತಾ, "ಆಯ್ತು, ಹಾಗೆ ಆಗ್ಲಿ" ಎಂದರು. ಅವರ ಕಿವಿ ಕೆಂಪಾಗಿತ್ತು. ಇಷ್ಟು ತಿಂಗಳು ಇಡ್ಲಿ ಪಾತ್ರೆಯಲ್ಲಿ, ಭರಣಿಯಲ್ಲಿ, ಅವಲಕ್ಕಿ ಡಬ್ಬದಲ್ಲಿ ಸಾಕಿ ಬೆಳೆಸಿದ್ದು ಸೀನ ಮಾವ ಗ್ರೆಗರಿಯವರ ಬೆನ್ನು ತಬ್ಬಿಕೊಂಡು ಬೆಟ್ಟ ಹತ್ತಲಿಕ್ಕೆ ಎಂದು ಯೋಚಿಸಿದಾಗ ನನಗೆ ಅಳು ಬಂತು. ಬಿಸ್ಕತ್ತನ್ನು ಚಾದಲ್ಲಿ ಅದ್ದಿದೆ. ಅದು ಮುರಿದು ಒಳಗೆ ಬಿತ್ತು.

ಅತ್ತೆ ಚಾಕ್ಕೆ ಇಳಿದಿರಲಿಲ್ಲ. ಕಾಲು ನೋವು ಎಂದು ಓಮ್ನಿಯ ಬಾಗಿಲು ತೆರೆದು ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನನ್ನೇ ನೋಡುತ್ತಿದ್ದರು. ನಾನು ಮುಖ ತಿರುಗಿಸಿದೆ.

ಚಾ ಮುಗಿಯಿತು. ಓಮ್ನಿಯನ್ನು ರಸ್ತೆಗೆ ತಿರುಗಿಸಿ ಕೊಡುತ್ತೇನೆ ಎಂದು ಗ್ರೆಗರಿ ಕೀ ತಿರುಗಿಸಿದರು. ಕೊರ್ ಕೊರ್ ಎಂದಿತು, ಹೊರಡಲಿಲ್ಲ. ಮತ್ತೆ ತಿರುಗಿಸಿದರು. ಬೆಳಿಗ್ಗೆಯಿಂದ ಗಡಿಯಾರದ ಹಾಗೆ ಓಡಿದ ವ್ಯಾನು ಕೆಮ್ಮುತ್ತಾ ನಿಂತಿತು. ಅತ್ತೆಯನ್ನು ಕೈಹಿಡಿದು ಇಳಿಸಿ, ಸೀಟು ಎತ್ತಿ, ನಾಲ್ಕು ಗಂಡಸರು ಇಂಜಿನಿನೊಳಗೆ ತಲೆ ಹಾಕಿದರು.

"ವಯರೇ ಇಲ್ಲ ಮಾರಾಯ್ರೇ!" ಗ್ರೆಗರಿಯವರ ಸ್ವರ ಒಳಗಿನಿಂದ ಬಂತು. "ಬೆಳ್ಮಣ್ಣಿನ ಹೊಂಡದಲ್ಲಿ ಉದುರಿತೋ ಏನೋ!"

"ಉದುರಿದ್ರೆ ಇಲ್ಲಿವರೆಗೆ ಹೇಗೆ ಬಂತು?" ಎಂದರು ಹಸನಬ್ಬನವರು.

"ಇಳಿಜಾರಿನಲ್ಲಿ ಬಂದಿರ್ಬೇಕು," ಎಂದರು ಸೀನ ಮಾವ. ಬೆಳ್ಮಣ್ಣಿನಿಂದ ಬಜಗೋಳಿಗೆ ಇಳಿಜಾರಿನಲ್ಲಿ ಬಂದ ವ್ಯಾನು ಜಗತ್ತಿನಲ್ಲಿ ಅದೊಂದೇ ಇರಬೇಕು.

ಚಾದಂಗಡಿಯ ಬೆಂಚಿನ ಮೇಲೆ ಕೂತ ಅತ್ತೆ ಕೈ ಮುಗಿದರು. "ಅಜ್ಜನಿಗೆ ಹರಕೆ ಹೇಳಿದ್ದೇನೆ. ಸಿಗ್ತದೆ. ಆದ್ರೆ ಸ್ವಲ್ಪ ಹೊತ್ತು ಹಿಡೀತದೆ." ಆಮೇಲೆ ಮಗನ ಕಡೆ ತಿರುಗಿ, "ನೀವಿಬ್ರು ಎಂತಕ್ಕೆ ನಿಂತದ್ದು? ಹೋಗಿ ಬನ್ನಿ. ಕತ್ತಲಾದ್ರೆ ಘಾಟಿಯಲ್ಲಿ ಮಂಜು ಬೀಳ್ತದೆ."

"ಬೈಕು ನಾನು..." ಎಂದರು ಗ್ರೆಗರಿ.

"ವ್ಯಾನು ಬಿಟ್ಟು ಹೇಗೆ ಹೋಗ್ತೀಯ ಗ್ರೆಗರಿ? ಓನರು ನೀನಲ್ವಾ?"

"ಹಾಗಾದ್ರೆ ಪೆಟ್ಟಿಗೆ ನೋಡ್ಲಿಕ್ಕೆ ನಾನಾದ್ರೂ..." ಎಂದರು ಸೀನ ಮಾವ.

"ಸೀನ, ದೂಡ್ಲಿಕ್ಕೆ ಜನ ಬೇಡವಾ?" ಎಂದರು ಅತ್ತೆ. "ಬಸಣ್ಣನೊಬ್ಬನೇ ದೂಡಿಯಾನಾ?"

"ನಾ ದೂಡ್ತೀನ್ರಿ ಅಮ್ಮಾರ," ಎಂದ ಬಸಣ್ಣ.

"ನೀನು ಸುಮ್ನಿರು," ಎಂದರು ಅತ್ತೆ.

ಇವರು ಒಂದೇ ಒದೆತಕ್ಕೆ ಗಾಡಿ ಹೊರಡಿಸಿದರು. ತಿರುಗಿ ನೋಡಲಿಲ್ಲ. ಎಡಕ್ಕೆ ತಿರುಗುವಾಗ ಗಾಡಿ ತನ್ನ ವಾಡಿಕೆಯಂತೆ ಒಂದು ಕ್ಷಣ ಯೋಚಿಸಿತು, ಆಮೇಲೆ ತಿರುಗಿತು.

ಘಾಟಿಯಲ್ಲಿ ಎಷ್ಟೋ ತಿರುವು ಹತ್ತಿದ ಮೇಲೆ ಒಂದು ಕಡೆ ಮರಗಳು ಸರಿದು ಕೆಳಗಿನ ಸೀಮೆಯೆಲ್ಲ ಕಾಣಿಸಿತು. ಅಲ್ಲಿ ನಿಲ್ಲಿಸಿದರು. ಇಂಜಿನ್ ಆರಿಸಿದರು. ಇಷ್ಟು ವರ್ಷ ಬಯಸಿದ್ದು ಅದು. ಕಣ್ಣು ಹಾಯುವವರೆಗೂ ಒಬ್ಬರೂ ಇಲ್ಲ, ಹಾರ್ನಿಲ್ಲ, ಹಲಗೆಯಿಲ್ಲ.

 ನಾನು ಸೆರಗು ಸರಿಮಾಡಿಕೊಂಡೆ. ಇವರು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದರು. ಏನು ಮಾತಾಡುವುದು ಎಂದು ಇಬ್ಬರಿಗೂ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಇವರು ಗಂಟಲು ಸರಿಮಾಡಿಕೊಂಡರು. ನಾನು ಕಾದೆ.

"ಅಮ್ಮ ಊಟ ಮಾಡಿದ್ದಾರೋ ಏನೋ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಮೊದಲು ಬಾಯಿ ಮುಚ್ಚಿಕೊಂಡು ನಕ್ಕೆ, ಆಮೇಲೆ ಯಾರಿಗೆ ಕೇಳಿಸುತ್ತದೆ ಇಲ್ಲಿ ಎಂದು ಜೋರಾಗಿ ನಕ್ಕೆ. ಇವರೂ ನಕ್ಕರು. ಇವರಿಗೆ ಅಷ್ಟು ದೊಡ್ಡ ನಗು ಇದೆಯೆಂದು ಮೂರು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹಲಗೆಯ ದಪ್ಪಕ್ಕೆ ತಕ್ಕಷ್ಟೇ ನಗುತ್ತಿದ್ದರು. ಬಂಗುಡೆ ವಾಸನೆಯ ಪೆಟ್ಟಿಗೆಗೆ ಒರಗಿ, ಗ್ರಿಲ್ಲಿನ ಹೂಬಳ್ಳಿ ಹಿಡಿದುಕೊಂಡು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಮಾತು ತಾನಾಗಿ ಬಂತು. ಏನು ಮಾತಾಡಿದೆವು ಎಂದು ನಿಮಗೆ ಹೇಳುವುದಿಲ್ಲ. ಕೆಳಗೆ ದೂರದಲ್ಲಿ ಕಾರ್ಕಳ ಇರಬೇಕಾದ ಕಡೆ ಎಲ್ಲವೂ ನೀಲಿಯಾಗಿತ್ತು. ಇಲ್ಲಿಂದ ನೋಡಿದರೆ ನಮ್ಮ ಕಾನ್ವೆಂಟೇ ನೀಲಿ.

ಬಜಗೋಳಿಗೆ ಮರಳುವಾಗ ಬಿಸಿಲು ಇಳಿದಿತ್ತು. ನಮ್ಮ ಗಾಡಿಯ ಶಬ್ದ ಒಂದು ಮೈಲಿ ಮುಂಚೆಯೇ ಊರು ಮುಟ್ಟುತ್ತದೆ. ನಾವು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಸೀನ ಮಾವನ ಹೆಂಡತಿ ಓಮ್ನಿಯಿಂದ ಕೂಗಿದರು:

"ಸಿಕ್ಕಿತು! ಇಲ್ಲೇ, ಕಾಲಡಿಯ ಮ್ಯಾಟಿನ ಕೆಳಗೆ!"

"ಅಲ್ಲಿ ನಾಲ್ಕು ಸಲ ನೋಡಿದ್ದೇನೆ ನಾನು!" ಎಂದರು ಗ್ರೆಗರಿ.

"ಅಜ್ಜ ಕೊಟ್ಟ," ಎಂದರು ಅತ್ತೆ. ಕಣ್ಣು ಮುಚ್ಚಿ ಕೈ ಮುಗಿದರು. ಎಲ್ಲರೂ ಮುಗಿದರು. ಗ್ರೆಗರಿ ಶಿಲುಬೆಯ ಗುರುತು ಮಾಡಿಕೊಂಡರು. ಬಸಣ್ಣ ತನ್ನ ಊರಿನ ದೇವರ ಹೆಸರು ಹೇಳಿದ.

ವಯರನ್ನು ಗ್ರೆಗರಿಯವರಿಗೆ ದಾಟಿಸಲೆಂದು ನನ್ನ ಕೈಗೆ ಕೊಟ್ಟರು. ಗಿಡ್ಡ ಕಪ್ಪು ವಯರು, ಎರಡು ತುದಿಗೂ ರಬ್ಬರಿನ ಟೋಪಿ. ಒಂದು ಟೋಪಿಯ ಮೇಲೆ ಬಿಳಿಯ ಬೆರಳಿನ ಗುರುತಿತ್ತು, ಗೆರೆಗೆರೆಯಾಗಿ, ಸ್ಪಷ್ಟವಾಗಿ. ಮೂರು ವರ್ಷ ನಮ್ಮ ಮನೆಯ ದಾರಂದದಿಂದ, ಸ್ವಿಚ್ ಬೋರ್ಡಿನಿಂದ ಒರೆಸಿದವಳಿಗೆ ಅದರ ಪರಿಚಯ ಹೊಸದಾಗಿ ಆಗಬೇಕಿರಲಿಲ್ಲ.

ಅತ್ತೆಯ ಕಡೆ ನೋಡಿದೆ. ಅವರು ಬೆಟ್ಟದ ಕಡೆ ನೋಡುತ್ತಿದ್ದರು.

"ತನ್ನಿ ಬಾಯಿ, ಬೇಗ," ಎಂದು ಗ್ರೆಗರಿ ಕೈ ಚಾಚಿದರು. ನಾನು ಸೆರಗಿನ ತುದಿಯಿಂದ ಆ ಗುರುತನ್ನು ಚೆನ್ನಾಗಿ ಒರೆಸಿ, ಆಮೇಲೆ ಕೊಟ್ಟೆ.

ಓಮ್ನಿ ಸ್ಟಾರ್ಟ್ ಆಯಿತು, ಎಲ್ಲರೂ ಹತ್ತತೊಡಗಿದರು. ಅತ್ತೆ ಮಾತ್ರ ಬೆಂಚಿನಿಂದ ಏಳಲಿಲ್ಲ. ಪಕ್ಕದಲ್ಲಿ ಕೈಯಿಂದ ತಟ್ಟಿ ನನಗೆ ಜಾಗ ತೋರಿಸಿದರು. ಹಸಿರು ಚೀಲ ಬಿಚ್ಚಿ, ಒಂದು ಎಲೆಯನ್ನು ತೊಡೆಯ ಮೇಲೆ ಒರೆಸಿ, ಆ ಬೆರಳಿನಿಂದಲೇ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಚಿದರು. ತಮ್ಮ ಬಾಯಿಗೆ ಹಾಕಿಕೊಳ್ಳುವರು ಎಂದುಕೊಂಡೆ. ನನ್ನ ಕಡೆ ಚಾಚಿದರು.

"ತಕೋ," ಎಂದರು. "ಮುಂದಿನ ಸಲ ಬೆಳಿಗ್ಗೆ ಬೇಗ ಹೊರಡ್ಬೇಕು."

ಕಾನ್ವೆಂಟಿನಲ್ಲಿ ಎಲೆಯಡಿಕೆ ಜಗಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಬೆಂಚಿನ ಮೇಲೆ ಕೂತೇ ಜಗಿದೆ. ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟುಹೋಯಿತು. ಮನೆ ತಲುಪುವವರೆಗೂ, ಹಿಂದಿನಿಂದ ಅಷ್ಟು ಜನ ಕೂಗಿ ಕೇಳಿದರೂ, ಬೆಟ್ಟದಲ್ಲಿ ಏನು ನೋಡಿದೆ ಎಂದು ನನ್ನಿಂದ ಒಂದು ಮಾತೂ ಆಡಲಾಗಲಿಲ್ಲ.